ಅಣೆಕಟ್ಟಿಲ್ಲದ ಹೊಳೆ, ಕಟ್ಟೆ ಕಾಯ್ದ ಜನ

ನಮ್ಮ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಹೊರಬರುತ್ತಿರುವ ಸ್ಮರಣ ಸಂಚಿಕೆಗೆ ಊರಿನ ಇತಿಹಾಸದ ಕುರಿತು ಒಂದು ಲೇಖನ ಬೇಕೆಂದು ಸಂಪಾದಕ ಮಂಡಳಿಯವರು ಮನೆತನಕ ಬಂದು ಕೇಳಿಕೊಂಡರು. ನಾನು ಇತಿಹಾಸ ಓದಿದವನಲ್ಲ. ಮೂವತ್ತು ವರ್ಷ ಪ್ರಾಥಮಿಕ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳಿದವನು, ಮನೆ ಮುಂದಿನ ಗದ್ದೆ ನೋಡಿಕೊಂಡವನು. "ನಮ್ಮೂರಿಗೆ ಎಂಥಾ ಇತಿಹಾಸ ಮಾರಾಯ್ರೆ, ರಾಜರಿಲ್ಲ, ಯುದ್ಧ ಇಲ್ಲ" ಅಂದೆ. ಬಂದವರಲ್ಲಿ ಒಬ್ಬ ನನ್ನ ಕೈಯಲ್ಲೇ ಕಲಿತ ಹುಡುಗ. "ಹೊಳೆ ಇದ್ಯಲ್ರಾ ಮಾಸ್ತರ್ರೆ, ಅದ್ರ ಬಗ್ಗೇ ಬರೀರಿ" ಅಂದ. ಅವನ ಮಾತು ಸರಿ ಅನ್ನಿಸಿತು. ನಮ್ಮೂರಿನ ರಾಜ, ಮಂತ್ರಿ, ಸಾಹುಕಾರ ಎಲ್ಲಾ ಈ ಅಘನಾಶಿನಿ ಹೊಳೆಯೇ ಅಲ್ಲವೇ?

ಹಾಗಾಗಿ ಹೊಳೆಯ ಕಥೆಯನ್ನೇ ಬರೆಯುತ್ತೇನೆ. ಆದರೆ ಈ ಕಥೆಯಲ್ಲಿ ನಮ್ಮ ಕಥೆಯೂ ಇದೆ, ನಮ್ಮ ತಪ್ಪೂ ಇದೆ. ಬೆಳ್ಳಿಹಬ್ಬದ ದಿನ ತಪ್ಪಿನ ಮಾತು ಯಾಕೆ ಎಂದು ಹಿರಿಯರು ಬೇಸರಿಸಬಾರದು. ಕೊನೆತನಕ ಓದಿದರೆ ಯಾಕೆಂದು ತಿಳಿಯುತ್ತದೆ.

ಘಟ್ಟದಿಂದ ಕಡಲಿಗೆ

ಅಘ ಎಂದರೆ ಪಾಪ, ಅಘನಾಶಿನಿ ಎಂದರೆ ಪಾಪವನ್ನು ಕಳೆಯುವವಳು. ಈ ಹೊಳೆಗೆ ಎರಡು ಮೂಲ ಹೇಳುತ್ತಾರೆ. ಒಂದು ಶಿರಸಿ ಪೇಟೆಯ ಶಂಕರಹೊಂಡದ ಕಡೆಯದು, ಇನ್ನೊಂದು ವೆಂಕಟರಮಣ ದೇವರ ಮಂಜುಗುಣಿಯ ಕಡೆಯದು. ಎರಡೂ ಸೇರಿ ಸಿದ್ದಾಪುರ ಸೀಮೆಯ ಕಾಡಿನಲ್ಲಿ ಹರಿದು, ಉಂಚಳ್ಳಿಯಲ್ಲಿ 116 ಮೀಟರ್ ಎತ್ತರದಿಂದ ಧುಮುಕುತ್ತವೆ. ಹತ್ತಿರ ನಿಂತರೆ ಕಿವಿ ಕೆಪ್ಪಾಗುವಷ್ಟು ಸದ್ದು. ಅದಕ್ಕೇ ಆ ಕಡೆ ಜನ ಅದನ್ನು ಕೆಪ್ಪಜೋಗ ಅನ್ನುತ್ತಾರೆ. 1845ರಲ್ಲಿ ಇದನ್ನು ಕಂಡ ಇಂಗ್ಲಿಷ್ ಕಲೆಕ್ಟರ್ ಲಶಿಂಗ್ಟನ್ ಹೆಸರನ್ನೂ ಪುಸ್ತಕದಲ್ಲಿ ಇಟ್ಟಿದ್ದಾರೆ. ಸಾಹೇಬರು ಕಾಣುವ ಮೊದಲು ಅದು ಅಲ್ಲಿ ಇರಲಿಲ್ಲವೇನೋ ಅನ್ನುವ ಹಾಗೆ!

ಜೋಗ ಇಳಿದ ಮೇಲೆ ಹೊಳೆ ಕಣಿವೆ ಹಿಡಿದು ಕುಮಟಾ ತಾಲೂಕಿಗೆ ಬರುತ್ತದೆ. ಉಪ್ಪಿನಪಟ್ಟಣ ದಾಟಿ, ದೀವಗಿ ಮಿರ್ಜಾನಗಳ ನಡುವೆ ಹೆದ್ದಾರಿಯ ಸೇತುವೆಯಡಿ ಹಾದು, ಆಮೇಲೆ ಅಗಲವಾಗುತ್ತಾ ಹೋಗುತ್ತದೆ. ಹೆಗಡೆ, ಕೋಡ್ಕಣಿ, ಮಾಸೂರು, ಬರ್ಗಿ, ಹಿರೇಗುತ್ತಿ, ಮೊರಬಾ, ಕಾಗಾಲ, ಮಾಣಿಕಟ್ಟಾ ಹೀಗೆ ಎರಡೂ ದಂಡೆಯ ಊರುಗಳು ಅದರ ನೀರು ಮುಟ್ಟಿಕೊಂಡೇ ಇವೆ. ಕಡೆಗೆ ಬಡಗಣ ದಂಡೆಯ ತದಡಿ, ತೆಂಕಣ ದಂಡೆಯ ಅಘನಾಶಿನಿ ಎಂಬ ಹೊಳೆಯ ಹೆಸರಿನ ಊರು ಇವೆರಡರ ನಡುವೆ ಸಮುದ್ರ ಸೇರುತ್ತದೆ. ಸರಕಾರಿ ಕಾಗದಗಳಲ್ಲಿ ತದ್ರಿ ನದಿ ಎಂದು ಬರೆದದ್ದೂ ಇದನ್ನೇ. ಒಟ್ಟು ಉದ್ದ ಸುಮಾರು 120 ಕಿಲೋಮೀಟರು.

ನಮ್ಮ ಜಿಲ್ಲೆಯ ಕಾಳಿ ನದಿಗೆ ಸೂಪಾದಿಂದ ಕದ್ರಾವರೆಗೆ ಅಣೆಕಟ್ಟುಗಳ ಸಾಲೇ ಇದೆ. ಶರಾವತಿಗೆ ಲಿಂಗನಮಕ್ಕಿ, ಗೇರುಸೊಪ್ಪೆ. ಅಘನಾಶಿನಿಗೆ ಮಾತ್ರ ದೊಡ್ಡ ಅಣೆಕಟ್ಟು ಇಲ್ಲ. ಮಳೆಗಾಲದಲ್ಲಿ ಘಟ್ಟದ ಕೆಂಪು ನೀರು ತಡೆಯಿಲ್ಲದೆ ಕಡಲಿಗೆ ಬರುತ್ತದೆ, ಬೇಸಿಗೆಯಲ್ಲಿ ಕಡಲಿನ ಉಪ್ಪು ನೀರು ತಡೆಯಿಲ್ಲದೆ ಒಳಗೆ ಏರುತ್ತದೆ. ಈ ಸಿಹಿ ಉಪ್ಪುಗಳ ಕೂಡಾಟದಿಂದಲೇ ನಮ್ಮ ಮೀನು, ಏಡಿ, ಶೆಟ್ಲಿ, ಬಳಚು, ಕಾಂಡ್ಲ ಗಿಡ ಎಲ್ಲಾ. 2024ರ ಜನವರಿ 31ರಂದು ನಮ್ಮ ಹೊಳೆಯ ಅಳಿವೆಯ 4801 ಹೆಕ್ಟೇರನ್ನು ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ, ಅಂದರೆ ರಾಮ್ಸಾರ್ ಪಟ್ಟಿಗೆ ಸೇರಿಸಿದ್ದಾಗಿ ಪೇಪರಿನಲ್ಲಿ ಬಂದಾಗ ನಮ್ಮೂರಿನ ಬಳಚು ತೆಗೆಯುವ ಹೆಂಗಸೊಬ್ಬಳು, "ಪಟ್ಟಿಗೆ ಸೇರ್ಸುಕೆ ಈಗ ಗೊತ್ತಾಯ್ತಾ ಇವ್ರಿಗೆ?" ಎಂದು ನಕ್ಕಳು.

ಹೊಳೆಯೇ ಹೆದ್ದಾರಿ

ಈಗ ನಮಗೆ ಹೊಳೆ ಎಂದರೆ ದಾಟಬೇಕಾದ ಅಡ್ಡಿ. ಮೊದಲು ಹೊಳೆಯೇ ರಸ್ತೆ. ಘಟ್ಟದ ಮೇಲಿನ ಕಾಳುಮೆಣಸು, ಅಡಿಕೆ ಕೆಳಗೆ ಬರುತ್ತಿತ್ತು. ಕೆಳಗಿನ ಉಪ್ಪು, ಒಣಮೀನು, ತೆಂಗಿನಕಾಯಿ ಮೇಲೆ ಹೋಗುತ್ತಿತ್ತು. ಉಪ್ಪು ಹೇರಿದ ದೋಣಿಗಳು ಭರತದ ನೀರು ಹಿಡಿದು ಒಳಗೆ ಸಾಗುತ್ತಿದ್ದವು, ಅಲ್ಲಿಂದ ಮುಂದೆ ಎತ್ತಿನ ಬೆನ್ನು. ಆ ವ್ಯಾಪಾರಕ್ಕೆ ಉಪ್ಪಿನಪಟ್ಟಣ ಎಂಬ ಹೆಸರೇ ಸಾಕ್ಷಿ.

ಈ ಮೆಣಸಿನ ದಾರಿಯನ್ನು ಕಾಯಲೆಂದೇ ಮಿರ್ಜಾನದ ಕೋಟೆ ಇದ್ದದ್ದು. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿ ಹದಿನಾರನೆಯ ಶತಮಾನದಲ್ಲಿ ಐವತ್ತು ವರ್ಷಕ್ಕೂ ಹೆಚ್ಚು ಕಾಲ ಆಳಿದವಳು. ಪೋರ್ಚುಗೀಸರು ಅವಳನ್ನು ಮೆಣಸಿನ ರಾಣಿ ಎಂದೇ ಕರೆದರು. ಅವಳೊಂದಿಗೆ ಕಾದಾಡಿದರು, ಮೆಣಸಿಗಾಗಿ ಮತ್ತೆ ಅವಳ ಬಾಗಿಲಿಗೇ ಬಂದರು. 1606ರ ಸುಮಾರಿಗೆ ಅವಳ ರಾಜ್ಯ ಕೆಳದಿಯ ವೆಂಕಟಪ್ಪ ನಾಯಕನ ಕೈಸೇರಿತು. 1799ರಲ್ಲಿ ಟಿಪ್ಪು ಮಡಿದ ಮೇಲೆ ಸೀಮೆಯೆಲ್ಲಾ ಇಂಗ್ಲಿಷರದ್ದಾಯಿತು. ಈಚಿನ ಉತ್ಖನನದಲ್ಲಿ ಮಿರ್ಜಾನ ಕೋಟೆಯೊಳಗೆ ಚೀನಾ ದೇಶದ ಪಿಂಗಾಣಿ ಚೂರುಗಳು ಸಿಕ್ಕಿವೆ. ಇವತ್ತು ಶಾಲೆ ಮಕ್ಕಳು ಪ್ರವಾಸ ಹೋಗಿ ಫೋಟೋ ತೆಗೆಸಿಕೊಂಡು ಬರುವ ಆ ಚಿರೆಕಲ್ಲಿನ ಗೋಡೆಯ ಪಕ್ಕದಲ್ಲಿ ಒಂದು ಕಾಲಕ್ಕೆ ದೂರದೇಶದ ಸರಕು ಇಳಿಯುತ್ತಿತ್ತು ಎಂದರೆ ನಂಬುವುದು ಕಷ್ಟ.

ಆಮೇಲೆ ಹತ್ತಿಯ ಕಾಲ. ಧಾರವಾಡ ಸೀಮೆಯ ಹತ್ತಿ ದೇವಿಮನೆ ಘಟ್ಟ ಇಳಿದು ಕುಮಟಾ ಬಂದರಿಗೆ ಬರುತ್ತಿತ್ತು. ಅಲ್ಲಿಂದ ಹಡಗಿನಲ್ಲಿ ಮುಂಬಯಿಗೆ. ಅಮೆರಿಕದಲ್ಲಿ 1861ರಿಂದ 1865ರವರೆಗೆ ಅಂತರ್ಯುದ್ಧವಾಗಿ ಅಲ್ಲಿನ ಹತ್ತಿ ನಿಂತಾಗ ನಮ್ಮ ಕಡೆಯ ಹತ್ತಿಗೆ ಬಂಗಾರದ ಬೆಲೆ ಬಂತು. ಕುಮಟಾದಲ್ಲಿ ಒಂದು ಎಳೆ ಹತ್ತಿ ಬೆಳೆಯದಿದ್ದರೂ ಇಂಗ್ಲೆಂಡಿನ ಮಾರುಕಟ್ಟೆಯಲ್ಲಿ ಆ ಹತ್ತಿಗೆ ಕುಮಟಾ ಹತ್ತಿ ಎಂದೇ ಹೆಸರು! 1862ರಲ್ಲಿ ನಮ್ಮ ಜಿಲ್ಲೆಯನ್ನು ಮದ್ರಾಸಿನಿಂದ ತೆಗೆದು ಮುಂಬಯಿ ಇಲಾಖೆಗೆ ಸೇರಿಸಿದ್ದರ ಹಿಂದೆಯೂ ಈ ಹತ್ತಿ ವ್ಯಾಪಾರದ ಒತ್ತಾಯವಿತ್ತು. ಯುದ್ಧ ಮುಗಿಯಿತು, ಹತ್ತಿಯ ಬೆಲೆ ಇಳಿಯಿತು. ಮುಂದೆ ಬಯಲುಸೀಮೆಗೆ ರೈಲು ಬಂತು, ಘಟ್ಟ ಇಳಿಯುವ ಗಾಡಿಗಳು ಕಡಿಮೆಯಾದವು.

ಇದರಿಂದ ನಾವು ತಿಳಿಯಬೇಕಾದದ್ದು ಒಂದಿದೆ. ಮೆಣಸು ಬಂತು, ಹೋಯ್ತು. ಹತ್ತಿ ಬಂತು, ಹೋಯ್ತು. ರಾಜರು, ಸಾಹೇಬರು ಎಲ್ಲಾ ಬಂದು ಹೋದರು. ಅಷ್ಟೂ ಕಾಲ ನಮ್ಮ ಹಿರಿಯರ ಹೊಟ್ಟೆ ತುಂಬಿಸಿದ್ದು ಈ ಯಾವುದೂ ಅಲ್ಲ. ಅದು ಗಜನಿ ಗದ್ದೆ.

ಗಜನಿ ಮತ್ತು ಕಗ್ಗ

ಹೊಸ ತಲೆಮಾರಿನವರಿಗೆ ಗಜನಿ ಎಂದರೆ ಸಿನಿಮಾ ಹೆಸರು. ಆದ್ದರಿಂದ ವಿವರಿಸಿ ಹೇಳುತ್ತೇನೆ. ಹೊಳೆಯ ಭರತ ಇಳಿತದ ನೀರು ಬಂದುಹೋಗುವ ತಗ್ಗು ಜಾಗಕ್ಕೆ ಮಣ್ಣಿನ ಕಟ್ಟೆ ಹಾಕಿ ಒಳಗೆ ಮಾಡಿದ ಗದ್ದೆಯೇ ಗಜನಿ. ಕಟ್ಟೆಗೆ ಅಲ್ಲಲ್ಲಿ ಮರದ ಹಲಗೆಯ ಬಾಗಿಲು. ಮಳೆಗಾಲ ಶುರುವಾಗುವ ಮೊದಲು ಬಾಗಿಲು ಹಾಕಿ ಉಪ್ಪು ನೀರನ್ನು ಹೊರಗಿಡಬೇಕು. ಇಳಿತದ ಹೊತ್ತಿಗೆ ತೆರೆದು ಒಳಗಿನ ನೀರು ಬಿಡಬೇಕು, ಭರತ ಏರುವ ಮೊದಲು ಮತ್ತೆ ಹಾಕಬೇಕು. ಜೂನಿನ ಜಡಿಮಳೆ ಮಣ್ಣಿನ ಉಪ್ಪನ್ನು ತೊಳೆಯುತ್ತದೆ. ಆಮೇಲೆ ಬಿತ್ತನೆ.

ಬಿತ್ತುವುದು ಬೇರೆ ಯಾವ ಭತ್ತವನ್ನೂ ಅಲ್ಲ, ಕಗ್ಗವನ್ನು. ಕರಿ ಕಗ್ಗ, ಬಿಳಿ ಕಗ್ಗ ಎಂದು ಅದರಲ್ಲೂ ಎರಡು. ಬೀಜವನ್ನು ಹುಲ್ಲಿನಲ್ಲಿ ಕಟ್ಟಿ ನೀರಿನಲ್ಲಿ ನೆನೆಸಿ, ಮೊಳಕೆ ಬಂದ ಮೇಲೆ ಎರಚುತ್ತಿದ್ದರು. ಗೊಬ್ಬರ ಇಲ್ಲ, ಔಷಧಿ ಇಲ್ಲ. ಉಪ್ಪಿನಂಶ ತಡೆಯುತ್ತದೆ, ನೆರೆ ಬಂದು ಕೆಲವು ದಿನ ಮುಳುಗಿದರೂ ತಲೆ ಎತ್ತುತ್ತದೆ. ಸರಕಾರದ ಹೊಸ ತಳಿಗಳನ್ನು ಮಾಡುವವರು ಈಗ ಪ್ರಯೋಗಶಾಲೆಯಲ್ಲಿ ಹುಡುಕುವ ಗುಣವನ್ನು ನಮ್ಮ ಅಜ್ಜ ಅಜ್ಜಿಯರು ಬೀಜದ ಕಣಜದಲ್ಲಿ ಇಟ್ಟುಕೊಂಡಿದ್ದರು. ಇಳುವರಿ ಹೆಚ್ಚಲ್ಲ ನಿಜ. ಆದರೆ ಕೆಂಪಗಿನ ಆ ಕುಚ್ಚಲಕ್ಕಿ ಗಂಜಿ ಉಂಡವನಿಗೆ ಮಧ್ಯಾಹ್ನದವರೆಗೆ ಹಸಿವೆಯ ನೆನಪಿಲ್ಲ.

ದೀಪಾವಳಿಯ ಆಸುಪಾಸು ಕೊಯ್ಲಾದ ಮೇಲೆ ಬಾಗಿಲು ತೆರೆದು ಹೊಳೆನೀರನ್ನು ಒಳಗೆ ಬಿಡುತ್ತಿದ್ದರು. ಕೂಳೆ ಕೊಳೆತು ಮೀನು ಶೆಟ್ಲಿಗಳಿಗೆ ಮೇವು. ಆರು ತಿಂಗಳು ಅನ್ನ, ಆರು ತಿಂಗಳು ಮೀನು. ಆ ಮೀನಿನ ಹಕ್ಕನ್ನು ಊರಿನೆದುರು ಲಿಲಾವು ಮಾಡಿ ಬಂದ ಹಣದಲ್ಲಿ ಮುಂದಿನ ವರ್ಷದ ಕಟ್ಟೆ ದುರಸ್ತಿ. ಬೇಲಿಯೂ ನಾವೇ, ಬೆಳೆಯೂ ನಾವೇ ಅನ್ನುವಂಥ ಲೆಕ್ಕ.

ಇದೇ ಹೊಳೆಯಂಚಿನಲ್ಲಿ, ತದಡಿಗೆ ಸಮೀಪದ ಸಾಣಿಕಟ್ಟಾದಲ್ಲಿ, ಉಪ್ಪು ನೀರನ್ನು ಹೊರಗಿಡದೆ ಒಳಗೆ ಕರೆದು ಬಿಸಿಲಿಗೆ ಒಣಗಿಸಿ ಉಪ್ಪು ಮಾಡಿದರು. ಅಲ್ಲಿಯೂ ಕಟ್ಟೆಯೇ ಜೀವಾಳ. ಹೊಳೆ ಒಂದೇ, ನೀರು ಒಂದೇ. ಒಬ್ಬರು ಕಟ್ಟೆ ಹಾಕಿ ಅನ್ನ ತೆಗೆದರು, ಇನ್ನೊಬ್ಬರು ಕಟ್ಟೆ ಹಾಕಿ ಉಪ್ಪು ತೆಗೆದರು. 1930ರಲ್ಲಿ ಉಪ್ಪಿನ ಸತ್ಯಾಗ್ರಹಕ್ಕೆ ಪಕ್ಕದ ಅಂಕೋಲೆ ಎದ್ದು ನಿಂತದ್ದು, ಆಮೇಲೆ ಕರಬಂದಿ ಚಳವಳಿಯಲ್ಲಿ ಈ ಸೀಮೆಯ ರೈತರು ತೀರ್ವೆ ಕೊಡದೆ ಜಮೀನು ಕಳಕೊಂಡದ್ದು ನಮ್ಮ ಹಿರಿಯರು ಕಣ್ಣಾರೆ ಕಂಡ ಸಂಗತಿಗಳು.

ಮನೆಗೊಂದು ಆಳು

ನಾನು ಸಣ್ಣವನಿದ್ದಾಗಿನ ಒಂದು ರಾತ್ರಿ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಶ್ರಾವಣದ ಅಮಾವಾಸ್ಯೆ. ಘಟ್ಟದ ಮೇಲೆ ಮಳೆ ಹೊಯ್ದು ಹೊಳೆ ತುಂಬಿತ್ತು, ಕೆಳಗಿಂದ ಅಮಾವಾಸ್ಯೆಯ ದೊಡ್ಡ ಭರತ. ನಡುರಾತ್ರಿ ಕಟ್ಟೆ ಕಡೆಯಿಂದ ಕೂಗು ಬಂತು, "ಕಟ್ಟೆ ಒಡೀತು, ಬನ್ರೋ!" ಅಪ್ಪ ಕಂಬಳಿಕೊಪ್ಪೆ ಹಾಕಿ, ಗುದ್ದಲಿ ಹಿಡಿದು ಓಡಿದರು. ಪ್ರತಿ ಮನೆಯಿಂದ ಒಬ್ಬೊಬ್ಬರು. ಗಂಡಸರಿಲ್ಲದ ಮನೆಯಿಂದ ಹೆಂಗಸರೇ ಹೋದರು. ಒಡೆದ ಜಾಗದ ಪಕ್ಕದ ಗದ್ದೆ ಯಾರದ್ದು ಎಂದು ಯಾರೂ ಕೇಳಲಿಲ್ಲ. ಹುಲ್ಲಿನ ಹೊರೆ, ಗೂಟ, ಕೆಸರು ತುಂಬಿ ಬೆಳಗಾಗುವುದರೊಳಗೆ ಕಂಡಿ ಮುಚ್ಚಿದರು.

ಬೆಳಿಗ್ಗೆ ಅಜ್ಜಿಯನ್ನು ಕೇಳಿದೆ, "ಕಂಡಿ ಬಿದ್ದದ್ದು ನಮ್ಮ ಗದ್ದೆ ಹತ್ರ ಅಲ್ವಲ, ಅಪ್ಪ ಯಾಕೆ ಹೋದ?" ಅಜ್ಜಿ ಒಲೆ ಊದುತ್ತಾ ಹೇಳಿದಳು: "ತಮಾ, ಗದ್ದೆ ಒಬ್ಬೊಬ್ಬರದ್ದು, ಕಟ್ಟೆ ಎಲ್ಲರದ್ದು. ಒಬ್ಬ ಮಲಗಿದ್ರೆ ಊರೆಲ್ಲರ ಅನ್ನಕ್ಕೂ ಉಪ್ಪು ಬೀಳ್ತದೆ."

ಸಹಕಾರ ತತ್ವದ ಬಗ್ಗೆ ಆಮೇಲೆ ನಾನು ಎಷ್ಟೋ ಭಾಷಣ ಕೇಳಿದ್ದೇನೆ. ಇದಕ್ಕಿಂತ ಚೆನ್ನಾಗಿ ಹೇಳಿದವರನ್ನು ಕಂಡಿಲ್ಲ.

ಕಾನೂನಿನ ಸಹಕಾರ ನಮ್ಮ ದೇಶಕ್ಕೆ ಬಂದದ್ದು 1904ರ ಕಾಯಿದೆಯಿಂದ. 1905ರಲ್ಲಿ ಗದಗ ಬಳಿಯ ಕಣಗಿನಹಾಳದಲ್ಲಿ ಪತ್ತಿನ ಸಂಘ ಹುಟ್ಟಿತು. ನಮ್ಮ ಹೊಳೆಯ ನೆತ್ತಿಯಲ್ಲಿರುವ ಶಿರಸಿಯಲ್ಲಿ 1920ರಲ್ಲಿ ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕು, 1923ರಲ್ಲಿ ಅಡಿಕೆ ಬೆಳೆಗಾರರ ತೋಟಗಾರ್ಸ್ ಸೇಲ್ ಸೊಸೈಟಿ ಆದವು. ಹೊಳೆಯ ಬುಡದಲ್ಲಿರುವ ಸಾಣಿಕಟ್ಟಾದಲ್ಲಿ ಸ್ವಾತಂತ್ರ್ಯಾನಂತರ ಉಪ್ಪಿನ ಮಾಲಕರು ಸಹಕಾರಿ ಸಂಘ ಮಾಡಿಕೊಂಡರು. ನಡುವಿನ ನಾವು ರಿಜಿಸ್ಟರ್ ಮಾಡಿಸಿದ್ದು ತಡವಾಗಿ. ಆದರೆ ರಿಜಿಸ್ಟರ್ ಇಲ್ಲದೆ, ಠರಾವು ಪುಸ್ತಕ ಇಲ್ಲದೆ, ಗಜನಿ ಕಟ್ಟೆಯ ಮೇಲೆ ನಮ್ಮ ಹಿರಿಯರು ನಡೆಸಿದ್ದೂ ಸಹಕಾರಿ ಸಂಘವೇ.

ಶೆಟ್ಲಿ ಕಾಲ

ಇನ್ನು ತಪ್ಪಿನ ಮಾತು.

1948ರಲ್ಲಿ ಮುಂಬಯಿ ಸರಕಾರ ಖಾರ್‌ಲ್ಯಾಂಡ್ ಕಾಯಿದೆ ತಂದಿತು. ನಮ್ಮ ಜಿಲ್ಲೆ 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆಯೂ ಸರಕಾರದ ಖರ್ಚಿನಲ್ಲಿ ಕಲ್ಲಿನ ಗಟ್ಟಿ ಕಟ್ಟೆಗಳಾದವು. ಒಳ್ಳೆಯ ಕೆಲಸವೇ. ಆದರೆ ಕಟ್ಟೆ ಸರಕಾರದ್ದು ಅಂದ ಕೂಡಲೇ ಅದನ್ನು ಕಾಯುವುದೂ ಸರಕಾರದ ಕೆಲಸ ಅನ್ನುವ ಭಾವನೆ ಮೆಲ್ಲನೆ ಹೊಕ್ಕಿತು. 1974ರ ಭೂಸುಧಾರಣೆಯಿಂದ ಗೇಣಿದಾರ ಒಡೆಯನಾದ. ಅದು ಬಡವರ ಬಾಳು ಬೆಳಗಿದ ಕಾನೂನು, ನಮ್ಮ ಮನೆಯೂ ಅದರಿಂದಲೇ ನಿಂತದ್ದು. ಆದರೆ ಗದ್ದೆಗೆ ಮಾಲಕ ಸಿಕ್ಕ ಹಾಗೆ ಕಟ್ಟೆಗೆ ಮಾಲಕ ಯಾರು ಎಂದು ನಾವು ಕೂತು ತೀರ್ಮಾನಿಸಲಿಲ್ಲ.

ಅಷ್ಟರಲ್ಲಿ ಶೆಟ್ಲಿಗೆ ಪರದೇಶದ ಬೆಲೆ ಬಂತು. ಗುತ್ತಿಗೆದಾರರು ಬಂದರು. "ನೀವೆಂತಕ್ಕೆ ಕೆಸರಲ್ಲಿ ಸಾಯ್ತ್ರಿ, ಗಜನಿ ನಮಗೆ ಕೊಡಿ, ಕೂತಲ್ಲೇ ಹಣ ತಕ್ಕಳಿ" ಅಂದರು. ಮೊದಲು ಆರು ತಿಂಗಳಿಗೆ, ಆಮೇಲೆ ವರ್ಷಪೂರ್ತಿ. ವರ್ಷಪೂರ್ತಿ ಉಪ್ಪು ನೀರು ನಿಂತರೆ ಕಗ್ಗ ಎಲ್ಲಿ ಬಿತ್ತುವುದು? ಊರ ಕೂಟದಲ್ಲಿ ಒಪ್ಪಿಗೆ ಪತ್ರಕ್ಕೆ ಸಹಿ ಮಾಡಿದವರಲ್ಲಿ ನಾನೂ ಒಬ್ಬ. ಇದನ್ನು ಇಲ್ಲಿ ಬರೆದು ಒಪ್ಪಿಕೊಳ್ಳುತ್ತೇನೆ. ಆ ದಿನ ಒಬ್ಬ ಮುದುಕ ಮಾತ್ರ ಎದ್ದು, "ಬೀಜ ಎಲ್ಲಿಡ್ತ್ರಿ?" ಎಂದು ಕೇಳಿದ. ನಾವು ನಕ್ಕೆವು.

ಕೆಲವು ವರ್ಷ ಹಣ ಬಂತು. ಕಟ್ಟೆಯಂಚಿನ ಕಾಂಡ್ಲ ಕಡಿದರು. ಬಾವಿ ನೀರು ಉಪ್ಪಾಯಿತು. ಹಿಂದೆಲ್ಲಾ ಗಜನಿಯಲ್ಲಿ ಮೀನು ಹಿಡಿಯುತ್ತಿದ್ದ ಜಮೀನಿಲ್ಲದ ಮನೆಗಳವರನ್ನು ಕಾವಲುಗಾರ ಓಡಿಸಿದ. 1994-95ರ ಸುಮಾರಿಗೆ ದೇಶದ ಕರಾವಳಿಗೆಲ್ಲಾ ಬಿಳಿಚುಕ್ಕೆ ರೋಗ ಬಂದು ಶೆಟ್ಲಿ ರಾಶಿ ರಾಶಿಯಾಗಿ ಸತ್ತಿತು. 1996ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಕರಾವಳಿ ನಿಯಂತ್ರಣ ವಲಯದಲ್ಲಿ ತೀವ್ರ ಸೀಗಡಿ ಕೃಷಿ ಕೂಡದು, ಸಾಂಪ್ರದಾಯಿಕ ರೀತಿಯದು ಇರಬಹುದು ಎಂದು ತೀರ್ಪು ಕೊಟ್ಟಿತು. ನಮ್ಮಲ್ಲಿಗೆ ಬಂದಿದ್ದ ಗುತ್ತಿಗೆದಾರರು ಬಂದ ದಾರಿಯಲ್ಲೇ ಹೋದರು. ಕಟ್ಟೆ ಒಡೆದಿತ್ತು, ಬಾಗಿಲು ಕೊಳೆತಿತ್ತು, ಕಣಜದಲ್ಲಿ ಕಗ್ಗದ ಬೀಜ ಇರಲಿಲ್ಲ. ಆ ಮುದುಕನ ಪ್ರಶ್ನೆಗೆ ಆವತ್ತು ಉತ್ತರ ಸಿಕ್ಕಿತು.

ಮೆಣಸು, ಹತ್ತಿಗಳ ಕಥೆಯೇ ಮತ್ತೆ ನಡೆಯಿತು ಅನ್ನಿ. ವ್ಯತ್ಯಾಸ ಒಂದೇ. ಮೆಣಸು ಹೋದಾಗ, ಹತ್ತಿ ಹೋದಾಗ ಗಜನಿ ಇತ್ತು. ಶೆಟ್ಲಿ ಹೋಗುವಾಗ ಗಜನಿಯನ್ನೂ ಕರಕೊಂಡು ಹೋಯಿತು.

ಉಳಿದದ್ದು ಮತ್ತು ಮಾಡಬೇಕಾದದ್ದು

ಎಲ್ಲವೂ ಮುಗಿಯಿತು ಎಂದು ಬರೆಯಲು ನಾನು ಕೂತಿಲ್ಲ. ಮಾಣಿಕಟ್ಟಾದ ಕಡೆ ಕಗ್ಗ ಬೆಳೆಗಾರರು ಒಟ್ಟಾಗಿ ಕಟ್ಟೆ ಬಾಗಿಲು ನೋಡಿಕೊಂಡು, ಬೀಜ ಉಳಿಸಿಕೊಂಡಿದ್ದಾರೆ. ಬೀಜ ಬೇಕಾದರೆ ದೂರ ಹೋಗಬೇಕಿಲ್ಲ. ಕಡಿದ ಕಾಂಡ್ಲ ಅರಣ್ಯ ಇಲಾಖೆಯವರೂ ಊರವರೂ ನೆಟ್ಟು ಎಷ್ಟೋ ಕಡೆ ಮತ್ತೆ ಎದ್ದಿದೆ. ತದಡಿಯಲ್ಲಿ 4000 ಮೆಗಾವಾಟಿನ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಪ್ರಸ್ತಾಪ ಬಂದಾಗ ಮೀನುಗಾರರು, ರೈತರು, ಬಳಚು ಆರಿಸುವ ಹೆಂಗಸರು ಒಂದಾಗಿ ವಿರೋಧಿಸಿದರು, ಅದು ಅಲ್ಲಿಗೆ ನಿಂತಿತು. ಒಂದಾದರೆ ಏನಾಗುತ್ತದೆ ಎಂಬುದಕ್ಕೆ ಬೇರೆ ಉದಾಹರಣೆ ಬೇಡ. ಮುಂದೆಯೂ ಇಂಥ ಹೊತ್ತು ಬರುತ್ತದೆ. ಅಘನಾಶಿನಿಯ ನೀರನ್ನು ಪೂರ್ವಕ್ಕೆ ತಿರುಗಿಸುವ ಮಾತು ಈಗಾಗಲೇ ಕೇಳಿಬಂದಿದೆ. ಮೇಲಿನಿಂದ ಸಿಹಿನೀರು ಕಡಿಮೆಯಾದರೆ ಕೆಳಗಿನ ಉಪ್ಪು ಎಲ್ಲಿಯವರೆಗೆ ಏರುತ್ತದೆ ಎಂಬುದನ್ನು ಗಜನಿ ಮಾಡಿದವನಿಗೆ ಯಾರೂ ಕಲಿಸಬೇಕಿಲ್ಲ.

2019ರ ಆಗಸ್ಟಿನ ನೆರೆಯಲ್ಲಿ ಹೊಳೆ ಅಂಗಳಕ್ಕೆ ಬಂದಾಗ ನಾವೆಲ್ಲಾ ಮನೆ ಸಾಮಾನು ಅಟ್ಟಕ್ಕೇರಿಸಿ ಕೂತೆವು. ಆ ರಾತ್ರಿಯೂ ಮನೆಗೊಂದು ಆಳು ಹೊರಟಿತ್ತು, ದೋಣಿ ಹಿಡಿದು ಮುದುಕರನ್ನು ಮಕ್ಕಳನ್ನು ದಾಟಿಸಿತು. ಅಂದರೆ ಆ ಗುಣ ಸತ್ತಿಲ್ಲ, ಅದಕ್ಕೆ ಕಟ್ಟೆಯ ಕೆಲಸ ಕೊಡುವವರಿಲ್ಲ ಅಷ್ಟೆ.

ಇಲ್ಲಿಯೇ ನಮ್ಮ ಸಂಘದ ಮಾತು ಬರುತ್ತದೆ. ಇಪ್ಪತ್ತೈದು ವರ್ಷದಲ್ಲಿ ಸಂಘ ನಮಗೆ ಬೆಳೆಸಾಲ ಕೊಟ್ಟಿದೆ, ಗೊಬ್ಬರ ತಂದುಕೊಟ್ಟಿದೆ, ಕಷ್ಟದಲ್ಲಿ ಬಂಗಾರದ ಮೇಲೆ ಹಣ ಕೊಟ್ಟಿದೆ. ಇದೆಲ್ಲಾ ಒಬ್ಬೊಬ್ಬ ಸದಸ್ಯನಿಗೆ ಸಿಕ್ಕಿದ್ದು. ಎಲ್ಲರಿಗೂ ಸೇರಿದ ಕಟ್ಟೆಗೆ ಸಂಘ ಇನ್ನೂ ಕೈಹಾಕಿಲ್ಲ. ಒಬ್ಬ ಹಳೆಯ ಸದಸ್ಯನಾಗಿ ಮಹಾಸಭೆಯ ಮುಂದೆ ಮೂರು ವಿನಂತಿ ಇಡುತ್ತೇನೆ.

ಒಂದು, ಪ್ರತಿವರ್ಷದ ಲಾಭದಲ್ಲಿ ಒಂದು ಸಣ್ಣ ಪಾಲನ್ನು ಕಟ್ಟೆ ನಿಧಿ ಎಂದು ತೆಗೆದಿಡಬೇಕು. ಕಟ್ಟೆ ಇಲಾಖೆಯದ್ದೇ ಇರಲಿ, ಸಣ್ಣ ಕಂಡಿ ಬಿದ್ದ ದಿನವೇ ಮುಚ್ಚುವ ಹಣ ಊರಲ್ಲೇ ಇರಬೇಕು. ಸಣ್ಣ ಕಂಡಿಗೆ ಅರ್ಜಿ ಬರೆದು ಕೂತರೆ ಅದು ದೊಡ್ಡ ಕಂಡಿಯಾಗುತ್ತದೆ.

ಎರಡು, ಮಾಣಿಕಟ್ಟಾದವರಿಂದ ಬೀಜ ತಂದು ಒಂದು ಗಜನಿಯಲ್ಲಾದರೂ ಕಗ್ಗ ಬಿತ್ತಬೇಕು. ಬೆಳೆದ ಅಕ್ಕಿಯನ್ನು ಸಂಘವೇ ಕೊಂಡು ಮಾರಬೇಕು. ಔಷಧಿಯಿಲ್ಲದ ಕೆಂಪಕ್ಕಿಗೆ ಪೇಟೆಯಲ್ಲಿ ಈಗ ಕೇಳುವವರಿದ್ದಾರೆ.

ಮೂರು, ಕೊಯ್ಲಿನ ನಂತರದ ಮೀನಿನ ಹಕ್ಕು ಮೊದಲಿನ ಹಾಗೆ ಊರಿನೆದುರು ಲಿಲಾವು ಆಗಬೇಕು, ಆ ಹಣ ಕಟ್ಟೆಗೇ ಹೋಗಬೇಕು. ಜಮೀನಿಲ್ಲದ ಮನೆಗಳಿಗೂ ಅದರಲ್ಲಿ ಪಾಲಿರಬೇಕು. ಹಿಂದೆ ನಾವು ಮಾಡಿದ ತಪ್ಪಿನಲ್ಲಿ ಹೆಚ್ಚು ಸೋತವರು ಅವರೇ.

ದುಡ್ಡಿನ ಲೆಕ್ಕದಲ್ಲಿ ಇದು ದೊಡ್ಡ ಲಾಭದ ಕೆಲಸ ಅಲ್ಲ ಎಂದು ಗೊತ್ತಿದೆ. ಆದರೆ ನಮ್ಮ ಹೊಳೆಗೆ ದೊಡ್ಡ ಅಣೆಕಟ್ಟು ಕಟ್ಟಲು ಯಾರೂ ಇರಲಿಲ್ಲ ಎಂದು ನಾವು ಹೆಮ್ಮೆಪಡುವುದಾದರೆ, ಸಣ್ಣ ಕಟ್ಟೆ ಕಾಯಲು ನಾವು ಇದ್ದೆವು ಎಂದೂ ಹೇಳಿಕೊಳ್ಳುವ ಹಾಗಾಗಬೇಕು.

ನನ್ನ ಅಜ್ಜಿ ಇವತ್ತು ಇಲ್ಲ. ಅವಳು ಬೀಜ ಇಡುತ್ತಿದ್ದ ಹುಲ್ಲಿನ ಕಣಜವೂ ಇಲ್ಲ. ಸಂಘದ ಸುವರ್ಣ ಮಹೋತ್ಸವದ ಸಂಚಿಕೆಗೆ ಲೇಖನ ಬರೆಯಲು ನಾನಂತೂ ಇರುವುದಿಲ್ಲ. ಆಗ ಬರೆಯುವ ಮಾಸ್ತರನೋ ಮಾಸ್ತರಣಿಯೋ, "ಬೆಳ್ಳಿಹಬ್ಬದ ಮಾರನೆಯ ಮಳೆಗಾಲದಲ್ಲಿ ನಮ್ಮೂರ ಗಜನಿಯಲ್ಲಿ ಮತ್ತೆ ಕಗ್ಗ ಬಿತ್ತಿದರು" ಎಂದು ಒಂದು ಸಾಲು ಬರೆಯುವಂತಾದರೆ ಈ ಲೇಖನ ಸಾರ್ಥಕ.



— ಸಂಘದ ಓರ್ವ ಹಿರಿಯ ಸದಸ್ಯ, ನಿವೃತ್ತ ಶಿಕ್ಷಕ